ಸರಸ್ವತೀ ಭಂಡಾರದ ಚಿತ್ರದರ್ಶನ

ಕಲಬುರಗಿ ಜಿಲ್ಲೆಯ ಚಿತ್ತಾಪುರಕ್ಕೆ ಸಮೀಪದಲ್ಲಿರುವ ನಾಗಾವಿಯ ಹೆಸರು ಇಂದು ದೂರದ ಊರುಗಳಲ್ಲಿ ಅಷ್ಟಾಗಿ ಕೇಳಿಬಾರದಾದರೂ, ಪೂರ್ವಕಾಲದಲ್ಲಿ ಅದು ವಿದ್ಯಾರ್ಥಿಗಳ ಬೀಡಾಗಿದ್ದಿತು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ತ್ರೈಲೋಕ್ಯಮಲ್ಲ ಒಂದನೆಯ ಸೋಮೇಶ್ವರನು ಆಳುತ್ತಿದ್ದಾಗ, ಕ್ರಿ. ಶ. ೧೦೫೮ರಲ್ಲಿ, ಆತನ ದಂಡನಾಯಕನಾದ ಮಧುಸೂದನನು ಅಲ್ಲಿ ದೇವಾಲಯಕ್ಕೆ ಹೊಂದಿಕೊಂಡಂತೆ ಘಟಿಕಾಸ್ಥಾನವೊಂದನ್ನು ಏರ್ಪಡಿಸಿದನೆಂಬುದು ಅಲ್ಲಿಯ ಶಿಲಾಶಾಸನದಿಂದ ತಿಳಿದುಬರುತ್ತದೆ. ವೇದವನ್ನು ಓದುವವರು ೨೦೦ ಮಂದಿ; ಶಾಸ್ತ್ರವನ್ನು ಓದುವವರು ೫೨ ಮಂದಿ; ವೇದವನ್ನು ಕಲಿಸುವ ಉಪಾಧ್ಯಾಯರು ಮೂವರು; ಶಾಸ್ತ್ರವನ್ನು ವ್ಯಾಖ್ಯಾನಿಸುವವರು ಮೂವರು. ಶಾಸನವು ಇಷ್ಟಕ್ಕೇ ನಿಲ್ಲದೆ, ಗ್ರಂಥಗಳನ್ನು ಕಾಯುವ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ಲೆಕ್ಕಕ್ಕೆ ತೆಗೆದುಕೊಂಡಿದೆ. ಉಪಾಧ್ಯಾಯರೆಷ್ಟೋ ಪುಸ್ತಕಪಾಲಕರೂ ಅಷ್ಟೇ ಎಂಬುದನ್ನು ವಾಚಕರು ಗಮನಿಸಬೇಕು. ಇಂದಿನ ಯಾವ ವಿಶ್ವವಿದ್ಯಾಲಯವಾದರೂ ಇಂತಹ ಪ್ರಮಾಣವನ್ನು ಇಟ್ಟುಕೊಂಡಿದೆಯೆಂದು ಹೇಳಲು ಧೈರ್ಯ ಸಾಲದು!

ಆ ಭಂಡಾರವು ಹೇಗಿದ್ದಿತು? ಓಲೆಯ ಕಟ್ಟುಗಳನ್ನು ಕಲ್ಲಿನ ಗೂಡುಗಳಲ್ಲಿ ಇಡುತ್ತಿದ್ದರೋ, ಮರದ ಪೆಟ್ಟಿಗೆಗಳಲ್ಲಿ ತುಂಬುತ್ತಿದ್ದರೋ? ವಿದ್ಯಾರ್ಥಿಯು ಒಳಗೆ ಹೋಗಿ ತಾನೇ ಆರಿಸಿಕೊಳ್ಳುತ್ತಿದ್ದನೋ, ಹೊಸ್ತಿಲಾಚೆ ನಿಂತು ಬೇಡುತ್ತಿದ್ದನೋ? ಇವಾವುದಕ್ಕೂ ಕಲ್ಲು ಉತ್ತರ ಕೊಡುವುದಿಲ್ಲ. ಅರುವತ್ತು ಕಂಬದ ಗುಡಿಯು ಇಂದಿಗೂ ನಿಂತಿದೆ. ಆದರೆ ಅದರ ನೆರಳಿನಲ್ಲಿ ಓದಿದವರ ಕೈಗಳಲ್ಲಿದ್ದ ಪುಸ್ತಕಗಳಲ್ಲಿ ಒಂದೊಂದೂ ಕಾಲಗರ್ಭವನ್ನು ಸೇರಿದೆ. ಶಾಸನವನ್ನು ಬರೆಯಿಸಿದವನು ಎಣಿಕೆಯನ್ನು ಉಳಿಸಿದನು, ರೂಪವನ್ನು ಉಳಿಸುವ ಸಾಧನವು ಆ ಕಾಲಕ್ಕೆ ಇರಲಿಲ್ಲ. ಹೈದರಾಬಾದು ಸಂಸ್ಥಾನದ ಪುರಾತತ್ತ್ವ ಇಲಾಖೆಯು ೧೯೧೪ರಲ್ಲಿ ಗುಲಾಮ್ ಯಜ್ದಾನಿಯವರ ನೇತೃತ್ವದಲ್ಲಿ ಆರಂಭವಾಗಿ, ೧೯೨೮ರಲ್ಲಿ ನಾಗಾವಿಯ ಶಾಸನಗಳನ್ನು ತನ್ನ ಗ್ರಂಥಮಾಲೆಯಲ್ಲಿ ಅಚ್ಚುಹಾಕಿಸಿದ ಮೇಲೆಯೇ, ಚಿತ್ತಾಪುರವನ್ನು ಕಾಣದ ಪಂಡಿತರಿಗೂ ಆ ಆರು ಮಂದಿ ಭಂಡಾರಿಗರ ಪರಿಚಯವಾಯಿತು. ಶಾಸನವಿದ್ದಲ್ಲಿಗೆ ಹೋಗದೆಯೇ ಅದನ್ನು ಓದುವ ಸೌಕರ್ಯವನ್ನು ಕಾಗದದ ಮೇಲಿನ ಪಡಿಯಚ್ಚು ಒದಗಿಸಿತು. ಗ್ರಂಥಾಲಯಕ್ಕೆ ಹೋಗದೆಯೇ ಗ್ರಂಥಾಲಯವನ್ನು ನೋಡುವ ಇಂದಿನ ಸೌಕರ್ಯವು ಈ ಮಾರ್ಗದಲ್ಲಿಯೇ ಮುಂದಣ ಹೆಜ್ಜೆಯೆನ್ನಬಹುದು.

ಎರಡನೆಯ ನಿದರ್ಶನವೂ ಈ ನಾಡಿನದೇ. ಗೀಲಾನ್ ದೇಶದಿಂದ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಮಹಮೂದ್ ಗವಾನನು ೧೪೭೨ರಲ್ಲಿ ಬೀದರಿನಲ್ಲಿ ಮದರಸೆಯನ್ನು ಕಟ್ಟಿಸಿದನು. ಮೂರು ಅಂತಸ್ತಿನ ಆ ಸೌಧದಲ್ಲಿ ಉಪನ್ಯಾಸದ ಕೋಣೆಗಳೂ, ವಿದ್ಯಾರ್ಥಿಗಳ ವಸತಿಯೂ, ಮಸೀದಿಯೂ, ಪುಸ್ತಕಾಲಯವೂ ಇದ್ದವು. ೩೦೦೦ ಹಸ್ತಪ್ರತಿಗಳು ಅಲ್ಲಿದ್ದುವೆಂಬ ಪ್ರತೀತಿಯುಂಟು. ನೀಲಿ, ಹಸುರು, ಹಳದಿಯ ಮೆರುಗಿನ ಹಂಚುಗಳು ಮುಂಭಾಗದಲ್ಲೆಲ್ಲ ಹೊಳೆಯುತ್ತಿದ್ದುವು. ೧೪೮೧ರಲ್ಲಿ ಗವಾನನು ಸುಳ್ಳು ಪತ್ರವೊಂದರ ಕಾರಣದಿಂದ ತನ್ನ ಸುಲ್ತಾನನ ಆಜ್ಞೆಯಿಂದಲೇ ಮರಣಕ್ಕೀಡಾದನು. ಮುಂದೆ ಮೊಗಲರ ಕಾಲದಲ್ಲಿ ಕಟ್ಟಡವು ಸೈನಿಕರ ಬಿಡಾರವಾಗಿ, ಕೋಣೆಗಳಲ್ಲಿ ಮದ್ದನ್ನು ಕೂಡಿಟ್ಟಿರಲು, ೧೬೯೬ರಲ್ಲಿ ಅದು ಸಿಡಿದು ಸೌಧದ ಒಂದು ಪಾರ್ಶ್ವವೂ ಮುಂಭಾಗದ ಒಂದು ಮಿನಾರೂ ನೆಲಸಮವಾದುವು. ಪುಸ್ತಕವಿಡಬೇಕಾದ ಮನೆಯಲ್ಲಿ ಮದ್ದನ್ನಿಟ್ಟವರ ವಿವೇಕವನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಬೀದರಿಗೆ ಹೋದವರು ಉಳಿದ ಮಿನಾರನ್ನೂ ಹಂಚಿನ ಚೂರುಗಳನ್ನೂ ಕಂಡು ಬೆರಗಾಗುವರು. ಪುಸ್ತಕಾಲಯದೊಳಗೆ ಏನೇನಿದ್ದಿತು, ಯಾವ ಗ್ರಂಥವು ಯಾವೆಡೆಯಲ್ಲಿದ್ದಿತು ಎಂಬುದನ್ನು ಮಾತ್ರ ತೋರಿಸಬಲ್ಲವರಿಲ್ಲ.

ಪುಸ್ತಕಗಳ ಸಾಲನ್ನು ಬೆಳಕಿನ ಸಹಾಯದಿಂದ ಚಿತ್ರಿಸುವ ಯತ್ನವು ಛಾಯಾಗ್ರಹಣ ಕಲೆಯಷ್ಟೇ ಹಳೆಯದು. ಇಂಗ್ಲೆಂಡಿನ ಟಾಲ್ಬಟ್ ಎಂಬುವನು ೧೮೪೪ರಿಂದ ೧೮೪೬ರವರೆಗೆ ಕಂತುಕಂತಾಗಿ ಪ್ರಕಟಿಸಿದ, ಛಾಯಾಚಿತ್ರಗಳನ್ನು ಅಂಟಿಸಿದ ಪುಸ್ತಕದಲ್ಲಿ 'ಗ್ರಂಥಾಲಯದೊಂದು ದೃಶ್ಯ' ಎಂಬ ಅರ್ಥದ ಹೆಸರುಳ್ಳ ಚಿತ್ರವಿದೆ. ಎರಡು ಸಾಲು ಪುಸ್ತಕಗಳ ಹೊರತು ಅದರಲ್ಲಿ ಮತ್ತೇನೂ ಇಲ್ಲ. ವಿನೋದದ ಸಂಗತಿಯೆಂದರೆ, ಅದು ಗ್ರಂಥಾಲಯದಲ್ಲಿ ತೆಗೆದ ಚಿತ್ರವೇ ಅಲ್ಲ. ಅಂದಿನ ಉಪಕರಣಕ್ಕೆ ಕೋಣೆಯೊಳಗಣ ಬೆಳಕು ಸಾಲದಾದುದರಿಂದ, ಪುಸ್ತಕಗಳನ್ನು ಬಯಲಿಗೆ ತಂದು ಜೋಡಿಸಿ ಚಿತ್ರವನ್ನು ತೆಗೆದನೆಂದು ವಿದ್ವಾಂಸರು ನಿರ್ಣಯಿಸಿರುವರು. ಗ್ರಂಥಾಲಯದ ಚಿತ್ರವು ಗ್ರಂಥಾಲಯದ ಸತ್ಯಸ್ಥಿತಿಯಾಗಿರಲೇಬೇಕೆಂಬ ನಿಯಮವಿಲ್ಲವೆಂಬುದಕ್ಕೆ ಇದು ಮೊದಲನೆಯ ಉದಾಹರಣೆ, ಕೊನೆಯದೇನೂ ಅಲ್ಲ.

ಕನ್ನಡನಾಡಿನಲ್ಲಿ ಈ ಕಲೆಯು ಬೇಗನೆ ಬೇರೂರಿತು. ಕರ್ನಲ್ ಬಿಗ್ಸ್ ಎಂಬ ಸೇನಾಧಿಕಾರಿಯು ಮುಂಬಯಿ ಸರಕಾರದ ನೇಮಕದಿಂದ ೧೮೫೫ರಲ್ಲಿ ಬಿಜಾಪುರ, ಬಾದಾಮಿ, ಐಹೊಳೆಗಳಲ್ಲಿ ಭಾರವಾದ ಸಾಮಗ್ರಿಗಳನ್ನು ಹೊತ್ತು ತಿರುಗಿ ಚಿತ್ರಗಳನ್ನು ತೆಗೆದನು. ಆತನದೂ, ಡಾಕ್ಟರ್ ಪಿಗೌ, ನೀಲ್ ಎಂಬಿವರದೂ ಆದ ಚಿತ್ರಗಳು ೧೮೬೬ರಲ್ಲಿ ಧಾರವಾಡ ಮೈಸೂರು ಪ್ರಾಂತಗಳ ವಾಸ್ತುಶಿಲ್ಪವನ್ನು ಕುರಿತ ಹಿರಿಯ ಸಂಪುಟವಾಗಿ ಲಂಡನ್ನಿನಲ್ಲಿ ಹೊರಬಂದುವು. ಅದಕ್ಕೆ ಇತಿಹಾಸದ ಭಾಗವನ್ನು ಬರೆದವನು ಸುರಪುರದ ಆಡಳಿತವನ್ನು ನೋಡಿಕೊಂಡಿದ್ದ ಮೆಡೋಸ್ ಟೇಲರನು. ಯಜ್ದಾನಿಯವರು ೧೯೪೭ರಲ್ಲಿ ಪ್ರಕಟಿಸಿದ ಬೀದರಿನ ಇತಿಹಾಸಗ್ರಂಥವೂ ಚಿತ್ರಫಲಕಗಳಿಂದ ಸಮೃದ್ಧವಾಗಿದ್ದು, ಮದರಸೆಯ ಅಳಿದುಳಿದ ರೂಪವನ್ನು ವಾಚಕರ ಮುಂದಿರಿಸಿತು. ಇವೆಲ್ಲವೂ ಮನೆಯಲ್ಲಿ ಕುಳಿತು ಮಾಡುವ ಯಾತ್ರೆಗಳೇ. ಆದರೆ ಹೊತ್ತಗೆಯ ಬೆಲೆ ಹೆಚ್ಚು, ಪ್ರತಿಗಳು ಕೆಲವು. ನೋಡುವ ಭಾಗ್ಯವು ಧನಿಕರಿಗೂ ವಿದ್ವಾಂಸರಿಗೂ ಮೀಸಲು.

ಇಲ್ಲಿ ಮೂಡಬಿದಿರೆಯ ಕಥೆಯನ್ನು ನೆನೆಯದೆ ಮುಂದೆ ಹೋಗಲಾಗದು. ವೀರಸೇನಾಚಾರ್ಯರ ಧವಲಾ ಟೀಕೆಯ ಪ್ರಾಚೀನ ಓಲೆಗರಿಗಳು ಶತಮಾನಗಳ ಕಾಲ ಅಲ್ಲಿಯ ಬಸದಿಯಲ್ಲಿ ಸುರಕ್ಷಿತವಾಗಿದ್ದುವು. ಯಾತ್ರಿಕರು ಅವುಗಳಿಗೆ ಕೈಮುಗಿದು ಹೋಗುತ್ತಿದ್ದರು, ಓದುವ ಪ್ರಸಂಗ ಬರುತ್ತಿರಲಿಲ್ಲ. ೧೮೯೬ರಲ್ಲಿ ಆರಂಭವಾದ ಪ್ರತಿಲಿಪಿಯ ಕಾರ್ಯವು ೧೯೨೨ರವರೆಗೆ ನಡೆದು, ೧೯೩೯ರಲ್ಲಿ ಮೊದಲನೆಯ ಸಂಪುಟವು ಅಚ್ಚಾಯಿತು. ದರ್ಶನ ಬೇರೆ, ಅಧ್ಯಯನ ಬೇರೆ. ಕಾಪಾಡಿದವರ ಶ್ರದ್ಧೆಯನ್ನು ಹಳಿಯುವ ಮಾತಿದಲ್ಲ. ಅವರಿಲ್ಲದಿದ್ದರೆ ಅಚ್ಚು ಮಾಡಲು ಏನು ಉಳಿಯುತ್ತಿದ್ದಿತು? ಆದರೆ ಗ್ರಂಥಾಲಯದ ಚಿತ್ರದರ್ಶನವನ್ನು ಏರ್ಪಡಿಸುವವರು ತಾವು ಯಾವುದಕ್ಕೆ ಬಾಗಿಲು ತೆರೆಯುತ್ತಿರುವೆವೆಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳುವುದು ಲೇಸು.

ಕಲಬುರಗಿಯ ವಿಷಯಕ್ಕೆ ಬರೋಣ. ೧೯೪೮ರ ಸಪ್ಟಂಬರದವರೆಗೆ ಈ ಪ್ರಾಂತವು ನಿಜಾಮರ ಸಂಸ್ಥಾನಕ್ಕೆ ಸೇರಿದ್ದು, ಉಚ್ಚಶಿಕ್ಷಣವನ್ನು ಬಯಸುವವರು ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಕಡೆಗೆ ನೋಡಬೇಕಾಗಿದ್ದಿತು. ಅಲ್ಲಿಯ ಬೋಧಭಾಷೆಯು ಉರ್ದು. ಕನ್ನಡದ ಪುಸ್ತಕವನ್ನು ಹುಡುಕುವವನಿಗೆ ಸರಕಾರದ ಗ್ರಂಥಾಲಯಗಳಿಗಿಂತ ಮಠಮಂದಿರಗಳ ಓಲೆಯ ಕಟ್ಟುಗಳೇ ಹತ್ತಿರವಾಗಿದ್ದುವು. ಬಿಜಾಪುರದ ಫ. ಗು. ಹಳಕಟ್ಟಿಯವರು ವಚನಗಳ ತಾಡವೋಲೆಗಳನ್ನು ಅರಸುತ್ತ ಮನೆಮನೆ ಮಠಮಠಗಳನ್ನು ತಿರುಗಿ, ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಬೆಳಕಿಗೆ ತಂದುದನ್ನು ಅರಿಯದವರಾರು? ಯಾವ ಊರಿನಲ್ಲಿ ಯಾವ ಕಟ್ಟು ಇದೆಯೆಂದು ತಿಳಿಸುವ ಒಂದು ಚಿತ್ರಪಟವಾಗಲಿ ಸೂಚಿಯಾಗಲಿ ಅವರಿಗೆ ದೊರಕಿದ್ದರೆ ಎಷ್ಟೋ ನಡೆದಾಟವು ಉಳಿಯುತ್ತಿದ್ದಿತು. ೧೯೫೬ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಕಲಬುರಗಿಯು ಕನ್ನಡನಾಡನ್ನು ಕೂಡಿಕೊಂಡಿತು. ೧೯೭೦ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವು ಇಲ್ಲಿ ತೆರೆಯಲ್ಪಟ್ಟು, ೧೯೮೦ರಲ್ಲಿ ಅದೇ ಸ್ವತಂತ್ರವಾದ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ನಗರದ ಪೂರ್ವಕ್ಕೆ ಸೇಡಂ ರಸ್ತೆಯಲ್ಲಿ 'ಜ್ಞಾನಗಂಗಾ' ಎಂಬ ಹೆಸರಿನ ವಿಸ್ತಾರವಾದ ಆವರಣವು ಅದರದು. ಬೀದರಿನಿಂದ ಬಳ್ಳಾರಿಯವರೆಗಿನ ಕಾಲೇಜುಗಳು ಬಹುಕಾಲ ಅದರ ಆಶ್ರಯದಲ್ಲಿದ್ದುವು. ಬಳ್ಳಾರಿಗೆ ೨೦೧೦ರಲ್ಲಿಯೂ ರಾಯಚೂರಿಗೆ ಅದರ ತರುವಾಯದಲ್ಲಿಯೂ ಪ್ರತ್ಯೇಕ ವಿಶ್ವವಿದ್ಯಾಲಯಗಳಾದುವು.

ಇಷ್ಟು ದೂರದೂರದ ವಿದ್ಯಾರ್ಥಿಗಳಿಗೆ ಗ್ರಂಥಾಲಯದ ಬಾಗಿಲು ಎಲ್ಲಿದೆಯೆಂಬುದೇ ಮೊದಲನೆಯ ಪಾಠ. ಗಾಜಿಪುರದಂತಹ ಹಳೆಯ ಬಡಾವಣೆಯಿಂದ ಜ್ಞಾನಗಂಗೆಗೆ ಬಸ್ಸಿದೆ, ಆಟೋ ಇದೆ. ಕಮಲಾಪುರದಿಂದ ಬರುವವರಿಗೂ ದಾರಿಯಿದೆ. ಆದರೆ ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮುಖ ಕಂಡ ತರುಣ ತರುಣಿಯರಿಗೆ ದಾರಿಗಿಂತ ಹೊಸ್ತಿಲೇ ಉದ್ದವಾಗಿ ತೋರುವುದು. ಒಳಗೆ ಹೋದರೆ ಯಾರಾದರೂ ಗದರಿಸುವರೇ? ಚೀಲವನ್ನು ಎಲ್ಲಿ ಇಡಬೇಕು? ಪುಸ್ತಕವನ್ನು ತಾನೇ ಮುಟ್ಟಬಹುದೇ, ಚೀಟಿ ಬರೆದುಕೊಡಬೇಕೇ? ಕೇಳಲು ಸಂಕೋಚ, ಕೇಳದೆ ಮರಳುವುದು ಸುಲಭ. ಕಟ್ಟಡಕ್ಕೆ ಕೋಟ್ಯಂತರ ರೂಪಾಯಿ ವೆಚ್ಚಮಾಡಿ, ಈ ಸಂಕೋಚವನ್ನು ಕಳೆಯಲು ಒಂದು ದಿನದ ಶ್ರಮವನ್ನೂ ವಹಿಸದ ಸಂಸ್ಥೆಗಳು ಲೋಕದಲ್ಲಿ ಬಹಳ. ಅಂತರಜಾಲದಲ್ಲಿ ಗ್ರಂಥಾಲಯದ ಚಿತ್ರಗಳನ್ನು ಬಾಗಿಲಿನಿಂದ ಮೊದಲ್ಗೊಂಡು ಕ್ರಮವಾಗಿ ಜೋಡಿಸಿಟ್ಟರೆ, ಮೊಬೈಲ್ ಫೋನಿನಲ್ಲಿಯೇ ಒಮ್ಮೆ ಸುತ್ತಿಬಂದ ವಿದ್ಯಾರ್ಥಿಯು ಮರುದಿನ ಹಳಬನಂತೆ ಒಳನಡೆಯುವನು. ಚಿತ್ರದರ್ಶನದ ಮುಖ್ಯ ಪ್ರಯೋಜನವು ಇದು. ೨೦೨೦ರಲ್ಲಿ ಕೊರೋನಾ ಜಾಡ್ಯದಿಂದ ಎಲ್ಲೆಡೆಯೂ ವಾಚನಾಲಯಗಳು ಮುಚ್ಚಿದಾಗ, ದೂರದಿಂದಲೇ ಗ್ರಂಥಾಲಯವನ್ನು ಕಾಣುವ ಅಗತ್ಯವು ಸಂಕೋಚವಿಲ್ಲದವರಿಗೂ ಮನದಟ್ಟಾಯಿತು.

ಈ ಬಗೆಯ ದರ್ಶನವು ಪರದೇಶಗಳಲ್ಲಿ ಹೇಗೆ ಬೆಳೆಯಿತೆಂಬುದಕ್ಕೆ ಒಂದು ಮಠದ ಪುಸ್ತಕಾಲಯವೇ ನಿದರ್ಶನ. ಪ್ರಾಗ್ ನಗರದ ಸ್ತ್ರಾಹೋವ್ ಎಂಬ ಕ್ರೈಸ್ತ ಮಠದ ತತ್ತ್ವಶಾಸ್ತ್ರದ ಸಭಾಂಗಣವನ್ನು ೨೦೧೧ರಲ್ಲಿ ಸುಮಾರು ೩೦೦೦ ಚಿತ್ರಗಳಲ್ಲಿ ಹಿಡಿದು, ಅವನ್ನೆಲ್ಲ ಒಂದಾಗಿ ಬೆಸೆದರು. ನೋಡುವವನು ಛಾವಣಿಯ ವರ್ಣಚಿತ್ರವನ್ನೂ ನೋಡಬಹುದು, ಮುಂದೆ ಸರಿದು ಪುಸ್ತಕದ ಬೆನ್ನಿನ ಮೇಲಣ ಹೆಸರನ್ನೂ ಓದಬಹುದು. ನಮ್ಮ ನಾಡಿನಲ್ಲಿ ಹಾದಿ ಇಷ್ಟು ಸರಾಗವಾಗಿರಲಿಲ್ಲ. ೨೦೧೧ರಲ್ಲಿಯೇ ಗೂಗಲ್ ಸಂಸ್ಥೆಯು ಬೆಂಗಳೂರಿನ ಬೀದಿಗಳನ್ನು ವಾಹನದ ಮೇಲಣ ಕ್ಯಾಮೆರಾದಿಂದ ಚಿತ್ರಿಸತೊಡಗಿ, ಕೆಲವೇ ವಾರಗಳಲ್ಲಿ ಪೊಲೀಸರ ಆಕ್ಷೇಪಣೆಯಿಂದ ಆ ಕಾರ್ಯವು ನಿಂತಿತು. ಭಾರತದ ನಗರಬೀದಿಗಳ ಅಂತಹ ದರ್ಶನವು ಮರಳಿ ಆರಂಭವಾದುದು ೨೦೨೨ರಲ್ಲಿ. ಬೀದಿಗೆ ಅನ್ವಯಿಸುವ ಶಂಕೆಗಳು ಓದುವ ಮನೆಗೆ ಅಷ್ಟಾಗಿ ತಗಲವು. ಆದರೂ ಅನುಮತಿಯ ಪತ್ರವು ಮೊದಲು, ಕ್ಯಾಮೆರಾವು ಆಮೇಲೆ ಎಂಬುದು ಎಲ್ಲೆಡೆಗೂ ಸಲ್ಲುವ ಕ್ರಮ.

ಇನ್ನು ಕೆಲಸದ ರೀತಿ. ನೋಡುವವನು ಕೋಣೆಯ ನಡುವೆ ನಿಂತು ಸುತ್ತಲೂ ತಿರುಗಿದಂತೆ ಭಾಸವಾಗಬೇಕಾದರೆ, ಕ್ಯಾಮೆರಾವನ್ನು ಮೂರು ಕಾಲಿನ ಪೀಠದ ಮೇಲೆ ನಿಂತವನ ಕಣ್ಣಿನ ಎತ್ತರಕ್ಕೆ ನಿಲ್ಲಿಸಿ, ಸುತ್ತಲೂ ತಿರುಗಿಸುತ್ತ ಒಂದಾದ ಮೇಲೊಂದು ಚಿತ್ರವನ್ನು ತೆಗೆಯುವರು. ಒಂದು ಚಿತ್ರದ ಅಂಚು ಮುಂದಿನದರೊಳಗೆ ಕಾಲು ಭಾಗದಷ್ಟಾದರೂ ಸೇರಿರಬೇಕು. ಇಲ್ಲವಾದರೆ ಬೆಸೆಯುವ ಯಂತ್ರಕ್ಕೆ ಹೊಂದಿಕೆ ಸಿಗುವುದಿಲ್ಲ. ತಿರುಗುವ ಕೇಂದ್ರವು ಕ್ಯಾಮೆರಾದ ಒಡಲಿನಲ್ಲಿರದೆ, ಮಸೂರದೊಳಗೆ ಬೆಳಕಿನ ಕಿರಣಗಳು ಸಂಧಿಸುವ ಸ್ಥಾನದಲ್ಲಿರಬೇಕು. ಈ ಸೂಕ್ಷ್ಮವನ್ನು ಕಡೆಗಣಿಸಿದರೆ ಹತ್ತಿರದ ಕಂಬವೂ ದೂರದ ಕಪಾಟೂ ಪರಸ್ಪರ ಜಾರಿ, ಬೆಸೆದ ಚಿತ್ರದಲ್ಲಿ ನೆಟ್ಟಗಿನ ಕಪಾಟು ಮುರಿದಂತೆ ಕಾಣುವುದು. ಗ್ರಂಥಾಲಯದಲ್ಲಿ ಈ ದೋಷವು ಬೇರೆಡೆಗಿಂತ ಬೇಗನೆ ಬಯಲಾಗುತ್ತದೆ. ಏಕೆಂದರೆ ಅಲ್ಲಿರುವುದೆಲ್ಲ ಸಾಲು, ಗೆರೆ, ಮೂಲೆ. ಎರಡು ಮಸೂರಗಳ ಸಣ್ಣ ಉಪಕರಣಗಳೂ ಈಗ ದೊರೆಯುತ್ತಿದ್ದು, ಒಂದೇ ಒತ್ತಿಗೆ ಸುತ್ತಲಿನದನ್ನೆಲ್ಲ ಹಿಡಿಯುವುವು. ಮೊದಲ ಪ್ರಯತ್ನಕ್ಕೆ ಅವೇ ಸಾಕು.

ಬೆಳಕಿನ ತೊಂದರೆಯು ಟಾಲ್ಬಟನ ಕಾಲದಿಂದ ಇಂದಿನವರೆಗೂ ಪೂರ್ಣವಾಗಿ ತೀರಿಲ್ಲ. ಕಲಬುರಗಿಯ ಬಿಸಿಲು ಕಿಟಕಿಯಲ್ಲಿ ಬೆಳ್ಳಗೆ ಉರಿಯುತ್ತಿರುವಾಗ ಕಪಾಟುಗಳ ನಡುವಣ ಓಣಿಯು ಕತ್ತಲೆಯಾಗಿರುವುದು. ಕಿಟಕಿಯನ್ನು ಸರಿಪಡಿಸಿದರೆ ಪುಸ್ತಕ ಕಾಣದು. ಪುಸ್ತಕವನ್ನು ಕಾಣಿಸಿದರೆ ಕಿಟಕಿಯು ಬರಿಯ ಬಿಳುಪು. ಆದುದರಿಂದ ಒಂದೇ ದೃಶ್ಯವನ್ನು ಕಡಿಮೆ, ಮಧ್ಯಮ, ಹೆಚ್ಚು ಎಂದು ಮೂರು ಬಗೆಯ ಬೆಳಕಿನಲ್ಲಿ ಹಿಡಿದು ಕೂಡಿಸುವ ಪದ್ಧತಿಯುಂಟು. ಮುಂಜಾವಿನ ಮೃದುವಾದ ಬೆಳಕು ಒದಗಿದರೆ ಶ್ರಮವು ಅರ್ಧ ತಗ್ಗುವುದು. ಓಲೆಗರಿಗಳ ಕೋಣೆಯಲ್ಲಿ ಮಾತ್ರ ಮಿಂಚುದೀಪದ ಉಪಯೋಗವು ಸಲ್ಲದು. ಅಲ್ಲಿ ಇದ್ದ ಬೆಳಕಿನಲ್ಲಿಯೇ ನಿಧಾನವಾಗಿ ಚಿತ್ರ ತೆಗೆಯುವುದು ಕ್ಷೇಮ.

ರಜೆಯ ದಿನ ಬರಿಯ ಕುರ್ಚಿಗಳನ್ನು ಚಿತ್ರಿಸುವುದು ಸುಲಭ. ಯಾರ ಒಪ್ಪಿಗೆಯೂ ಬೇಕಾಗದು, ಯಾರೂ ಅಲುಗಾಡಿ ಚಿತ್ರವನ್ನು ಕೆಡಿಸರು. ಬಹುಮಂದಿ ಇದನ್ನೇ ಮಾಡುವರು. ಆದರೆ ಜನರಿಲ್ಲದ ವಾಚನಾಲಯದ ಚಿತ್ರವು ಹೊಸಬನ ಸಂಕೋಚವನ್ನು ಕಳೆಯುವ ಬದಲು ಹೆಚ್ಚಿಸುವುದುಂಟು. ಅಷ್ಟು ನಿಶ್ಶಬ್ದವಾದ, ಅಷ್ಟು ಹೊಳಪಿನ ನೆಲದ ಮೇಲೆ ಧೂಳಿನ ಕಾಲಿನಿಂದ ನಡೆಯಲು ಯಾರಿಗೆ ಧೈರ್ಯ? ಓದುವವರ ಅನುಮತಿಯನ್ನು ಬರಹದಲ್ಲಿ ಪಡೆದು, ಒಪ್ಪದವರನ್ನು ಬದಿಗೆ ಕೂಡಿಸಿ, ನಾಲ್ಕಾರು ಮಂದಿ ಓದುತ್ತಿರುವಂತೆಯೇ ಚಿತ್ರವನ್ನು ತೆಗೆದರೆ ಅದು ಜೀವಂತವಾದ ಗ್ರಂಥಾಲಯವಾಗುವುದು. ಮೇಜಿನ ಮೇಲೆ ತೆರೆದಿಟ್ಟ ವಹಿಯಲ್ಲಿ ಸದಸ್ಯರ ಹೆಸರು, ಫೋನಿನ ಸಂಖ್ಯೆಗಳು ಚಿತ್ರದೊಳಗೆ ನುಸುಳದಂತೆ ನೋಡಿಕೊಳ್ಳುವುದು ಅವಶ್ಯ. ಹಕ್ಕುಸ್ವಾಮ್ಯದ ವಿಚಾರವೂ ಇದೆ: ನಮ್ಮ ದೇಶದ ಕಾಯಿದೆಯಂತೆ ಗ್ರಂಥಕರ್ತನು ಗತಿಸಿದ ಮೇಲೂ ೬೦ ವರ್ಷಗಳ ತನಕ ಹಕ್ಕು ಉಳಿಯುವುದರಿಂದ, ಪುಸ್ತಕದ ಬೆನ್ನನ್ನು ತೋರಿಸುವಷ್ಟು ನಿಶ್ಚಿಂತೆಯಿಂದ ಒಳಪುಟಗಳನ್ನು ತೋರಿಸಲಾಗದು.

ಯಾವುದನ್ನು ಚಿತ್ರಿಸಬೇಕು? ಮುಂಭಾಗ, ಉದ್ಯಾನ, ಉದ್ಘಾಟನೆಯ ಶಿಲಾಫಲಕ — ಈ ಮೂರನ್ನು ತೋರಿಸಿ ಮುಗಿಸುವುದು ಪರಿಪಾಠವಾಗಿದೆ. ಫಲಕವನ್ನು ಓದಲು ಯಾವ ವಿದ್ಯಾರ್ಥಿಯೂ ಬರುವುದಿಲ್ಲ. ಬರುವವನಿಗೆ ಬೇಕಾದುದು ಚೀಲವಿಡುವ ಸ್ಥಳ, ಸದಸ್ಯತ್ವದ ಮೇಜು, ಸೂಚಿಯನ್ನು ನೋಡುವ ಗಣಕ, ಕಪಾಟಿನ ತುದಿಯಲ್ಲಿ ಅಂಟಿಸಿದ ಅಂಕೆ. ಆ ಅಂಕೆಯ ಅರ್ಥವನ್ನು ಒಂದು ಚಿತ್ರದ ಕೆಳಗೆ ನಾಲ್ಕು ಸಾಲಿನಲ್ಲಿ ಬಿಡಿಸಿ ಬರೆದರೆ ಎಷ್ಟೋ ಉಪಕಾರ. ಡ್ಯೂಯಿಯ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ ೮೯೪.೮೧೪ ಎಂಬ ಸಂಖ್ಯೆಯಿದೆ. ಅದನ್ನು ಬಲ್ಲವನು ಯಾರನ್ನೂ ಕೇಳದೆ ವಚನಗಳ ಸಾಲಿಗೆ ಹೋಗಿ ನಿಲ್ಲಬಲ್ಲನು. ತಮ್ಮ ಕೊನೆಗಾಲವನ್ನು ಬೆಂಗಳೂರಿನಲ್ಲಿ ಕಳೆದ ಗ್ರಂಥಾಲಯಶಾಸ್ತ್ರದ ಆಚಾರ್ಯ ಎಸ್. ಆರ್. ರಂಗನಾಥನ್ ಅವರು ೧೯೩೧ರಲ್ಲಿ ಪ್ರತಿಪಾದಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ವಾಚಕನ ಕಾಲವನ್ನು ಉಳಿಸುವ ವಿಷಯವಾಗಿಯೇ ಇದೆ. ಗಾಲಿಕುರ್ಚಿಯಲ್ಲಿ ಬರುವವರಿಗೆ ಮೆಟ್ಟಿಲಿಲ್ಲದ ದಾರಿ ಎಲ್ಲಿದೆಯೆಂಬುದನ್ನೂ ಚಿತ್ರದಲ್ಲಿ ಕಾಣಿಸಬೇಕು. ಇಲ್ಲದಿದ್ದರೆ, ಇಲ್ಲವೆಂದಾದರೂ ಬರೆಯಬೇಕು. ಕಣ್ಣು ಕಾಣದವರು ಚಿತ್ರದ ಕೆಳಗಣ ಬರಹವನ್ನು ಯಂತ್ರದ ದನಿಯಲ್ಲಿ ಕೇಳಿಸಿಕೊಳ್ಳುವರಾದುದರಿಂದ, ಪ್ರತಿ ಚಿತ್ರಕ್ಕೂ ಕನ್ನಡದಲ್ಲಿ ವಿವರಣೆಯಿರುವುದು ಅಲಂಕಾರಕ್ಕಾಗಿ ಅಲ್ಲ.

ಎಲ್ಲಕ್ಕೂ ಮಿಗಿಲಾಗಿ, ಪುಸ್ತಕವನ್ನು ಹುಡುಕಿಕೊಡುವ ಮನುಷ್ಯರು ಚಿತ್ರಗಳಲ್ಲಿ ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಗ್ರಂಥಪಾಲಕ, ಸಹಾಯಕ, ಹರಿದ ಪುಟಕ್ಕೆ ಕಾಗದ ಅಂಟಿಸುವ ರಟ್ಟುಗಾರ, ಹಿಂತಿರುಗಿಬಂದ ಪುಸ್ತಕಗಳನ್ನು ಸಂಜೆಯವರೆಗೆ ಸ್ವಸ್ಥಾನಕ್ಕೆ ಸೇರಿಸುವ ಸಿಪಾಯಿ — ಇವರ ಕೈಯಿಲ್ಲದೆ ೮೯೪.೮೧೪ರ ಸಾಲು ಒಂದು ತಿಂಗಳು ನಿಲ್ಲಲಾರದು. ನಾಗಾವಿಯ ಶಾಸನವು ಸ್ಥಳದ ಅಭಾವವಿರುವ ಕಲ್ಲಿನಲ್ಲಿಯೂ ಆರು ಮಂದಿಯನ್ನು ಎಣಿಸಿ ಬರೆಯಿತು. ಸ್ಥಳಕ್ಕೆ ಮಿತಿಯೇ ಇಲ್ಲದ ಅಂತರಜಾಲದಲ್ಲಿ ಅವರಿಗೆ ಒಂದು ಚಿತ್ರದ ಎಡೆಯೂ ಇಲ್ಲದಿರುವುದು ವಿಚಿತ್ರವೇ ಸರಿ. ಅವರ ಸಮ್ಮತಿಯಿಂದ, ಅವರು ಕೆಲಸದಲ್ಲಿರುವಂತೆ, ಯಾವ ಮೇಜಿನ ಬಳಿ ಏನನ್ನು ಕೇಳಬಹುದೆಂಬ ಸೂಚನೆಯೊಡನೆ ಚಿತ್ರವಿದ್ದರೆ, ಹೊಸ್ತಿಲಲ್ಲಿ ಹಿಂಜರಿದವನಿಗೆ ಮಾತಾಡಿಸಬೇಕಾದ ಮುಖವು ಮೊದಲೇ ಪರಿಚಿತವಾಗಿರುವುದು.

ಚಿತ್ರದರ್ಶನಕ್ಕೆ ಇನ್ನೊಂದು ಪ್ರಯೋಜನವಿದೆ, ಅದು ಬೇಡುವಂತಹುದಲ್ಲ. ೨೦೨೧ನೆಯ ಏಪ್ರಿಲ್ ೧೮ರಂದು ದಕ್ಷಿಣ ಆಫ್ರಿಕಾದ ಕೇಪ್ ಟೌನ್ ವಿಶ್ವವಿದ್ಯಾಲಯಕ್ಕೆ ಬೆಟ್ಟದ ಕಾಳ್ಗಿಚ್ಚು ತಗಲಿ, ಜ್ಯಾಗರ್ ಗ್ರಂಥಾಲಯದ ವಾಚನಾಲಯವು ಸುಟ್ಟುಹೋಯಿತು. ಬೆಂಕಿಯನ್ನು ತಡೆಯುವ ಕದಗಳಿದ್ದುದರಿಂದ ನೆಲಮಾಳಿಗೆಯ ಸಂಗ್ರಹದ ಬಹುಭಾಗವು ಉರಿಯಿಂದ ಪಾರಾಯಿತು. ಆಮೇಲೆ ನೀರಿನ ಕಾಟ. ಸ್ವಯಂಸೇವಕರು ಪೆಟ್ಟಿಗೆಗಳನ್ನು ಕೈಯಿಂದ ಕೈಗೆ ದಾಟಿಸಿ ಮೇಲೆ ತಂದರು. ಇಂತಹ ದಿನದಲ್ಲಿ ಯಾವ ಕಪಾಟು ಎಲ್ಲಿದ್ದಿತು, ಯಾವ ಸಾಲಿನಲ್ಲಿ ಯಾವ ಸಂಪುಟಗಳಿದ್ದುವು ಎಂಬುದಕ್ಕೆ ಹಿಂದೆ ತೆಗೆದ ಚಿತ್ರಗಳು ಸಾಕ್ಷಿಯಾಗಬಲ್ಲುವು. ಬೀದರಿನ ಮದರಸೆಗೆ ಅಂತಹ ಸಾಕ್ಷಿಯಿರಲಿಲ್ಲ.

ಹೀಗಿರಲು, ಒಮ್ಮೆ ತೆಗೆದ ಚಿತ್ರಗಳನ್ನೇ ಹತ್ತು ವರ್ಷ ತೋರಿಸುತ್ತಿರುವುದು ಸಲ್ಲದು. ಕಪಾಟುಗಳು ಸ್ಥಳ ಬದಲಾಯಿಸುವುವು, ಮೇಜುಗಳು ಕೋಣೆ ಬದಲಾಯಿಸುವುವು. ಹಳೆಯ ಚಿತ್ರವನ್ನು ನಂಬಿ ಬಂದವನು ಗೋಡೆಯನ್ನು ಕಾಣುವನು. ವರ್ಷಕ್ಕೊಮ್ಮೆ, ಹೊಸ ವಿದ್ಯಾರ್ಥಿಗಳು ಸೇರುವ ಮುನ್ನ, ಬದಲಾದ ಭಾಗಗಳನ್ನಾದರೂ ಮರಳಿ ಚಿತ್ರಿಸುವುದು ಸೂಕ್ತ. ಹಳ್ಳಿಯ ಮೊಬೈಲಿನಲ್ಲಿಯೂ ಬೇಗನೆ ತೆರೆಯುವಂತೆ ಚಿತ್ರಗಳ ಗಾತ್ರವನ್ನು ತಗ್ಗಿಸಿಡುವುದು, ಮೂಲಪ್ರತಿಗಳನ್ನು ಪೂರ್ಣ ಗಾತ್ರದಲ್ಲಿ ಎರಡು ಬೇರೆಬೇರೆ ಕಟ್ಟಡಗಳಲ್ಲಿ ಕಾಪಿಡುವುದು — ಇವೆರಡೂ ಗ್ರಂಥಪಾಲಕರ ನಿತ್ಯದ ಹೊಣೆಯೊಳಗೆ ಸೇರತಕ್ಕವು. ಹೊಸ ಚಿತ್ರ ಬಂದಿತೆಂದು ಹಳೆಯದನ್ನು ಅಳಿಸದೆ, ತೆಗೆದ ತಾರೀಖನ್ನೂ ಕೋಣೆಯ ಹೆಸರನ್ನೂ ಬರೆದು, ಸೂಚಿಯಲ್ಲಿ ಪುಸ್ತಕಗಳಂತೆಯೇ ಅವಕ್ಕೂ ಒಂದು ಸಂಖ್ಯೆಯನ್ನು ಕೊಟ್ಟು ಇಡತಕ್ಕದ್ದು.